ದಾಸೋಹವೆಂದರೆ ಕೊಡುವುದಷ್ಟೇ ಅಲ್ಲ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ‘ಕಾಲೇಜಿನ ಮೊದಲ ವರ್ಷ ಮತ್ತು ಸೇವೆ’ ಎಂಬ ವಿಷಯ ಕುರಿತು ಆಡಿದ ಮಾತುಗಳ ಬರಹರೂಪ.)

 

ಕಾಲೇಜಿನ ಮೊದಲ ವರ್ಷದಲ್ಲಿ ನೀನು ಮಾಡಿದ ಸೇವೆಯ ಬಗ್ಗೆ ಹತ್ತು ಮಾತು ಹೇಳು ಎಂದು ಪೂಜ್ಯರು ಅಪ್ಪಣೆ ಕೊಡಿಸಿದಾಗ ನಾನು ನಾಲ್ಕು ಪುಟ ಬರೆದುಕೊಂಡೆ. ಎಷ್ಟು ಸಸಿ ನೆಟ್ಟೆವು, ಯಾವ ಗಟಾರ ಸ್ವಚ್ಛ ಮಾಡಿದೆವು, ಎಷ್ಟು ಮನೆ ಸಮೀಕ್ಷೆ ಮಾಡಿದೆವು, ಎಲ್ಲ ಇತ್ತು. ಓದಿ ನೋಡಿದರೆ ಅದರಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೆ ನಿಜವಾಗಿ ನಡೆದದ್ದೂ ಇರಲಿಲ್ಲ. ಅದನ್ನು ಹರಿದು ಹಾಕಿದೆ. ಇಂದು ನಾನು ಹೇಳುವುದು ಒಂದು ಲೋಟ ಚಹಾದ ವಿಷಯ. ಹೇಳುವಾಗ ನನ್ನ ತಪ್ಪೂ ಬರುತ್ತದೆ. ಹಿರಿಯರು ಮಗಳೆಂದು ತಿಳಿದು ಕೇಳಬೇಕು.

ನಾನು ಸವದತ್ತಿ ಕಡೆಯ ಒಂದು ಹಳ್ಳಿಯವಳು. ನಮಗೆ ನಾಲ್ಕು ಎಕರೆ ಎರಿ ಹೊಲ. ಮಳೆ ಬಂದರೆ ಜೋಳ, ಕಡಲೆ, ಬರದಿದ್ದರೆ ಸಾಲ. ಪಿಯುಸಿವರೆಗೆ ಕನ್ನಡ ಮಾಧ್ಯಮ. ನಮ್ಮ ಮನೆಯಿಂದ ಓದಲಿಕ್ಕೆ ಧಾರವಾಡಕ್ಕೆ ಬಂದ ಮೊದಲ ಹುಡುಗಿ ನಾನು. ಮೊದಲ ವಾರ ತರಗತಿಯಲ್ಲಿ ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಎದ್ದು ನಿಂತೆ, ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ಮುಂದಿನ ಬೆಂಚಿನಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ನಗು ಬಹಳ ದಿನ ನನ್ನ ಜೊತೆಗಿತ್ತು. ಊಟದ ಹೊತ್ತಿಗೆ ಎಲ್ಲರೂ ಗುಂಪು ಗುಂಪಾಗಿ ಕುಳಿತರೆ ನಾನು ಗಿಡದ ಕೆಳಗೆ ಒಬ್ಬಳೇ ಬುತ್ತಿ ಬಿಚ್ಚುತ್ತಿದ್ದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಹಾಗೆ ಒಬ್ಬಳೇ ಇದ್ದಾಗ ಒಂದು ದಿನ ರಾಷ್ಟ್ರೀಯ ಸೇವಾ ಯೋಜನೆಗೆ, ಅಂದರೆ ಎನ್ನೆಸ್ಸೆಸ್ಸಿಗೆ, ಹೆಸರು ಕೊಡಿ ಎಂದು ಸೂಚನಾ ಫಲಕದಲ್ಲಿ ಬರೆದಿದ್ದರು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ಆಗ ಕೇಂದ್ರದ ಶಿಕ್ಷಣ ಮಂತ್ರಿಗಳಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಅದರ ಜೊತೆಗೆ ಹಳ್ಳಿಯೊಂದರಲ್ಲಿ 7 ದಿನಗಳ ವಿಶೇಷ ಶಿಬಿರ ಇರುತ್ತದೆ. ಮುಗಿಸಿದವರಿಗೆ ಪ್ರಮಾಣಪತ್ರ.

ನಾನು ಸೇರಿದ್ದು ಸೇವೆಗಾಗಿ ಅಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಸೇರಿದ್ದು ಎರಡು ಕಾರಣಕ್ಕೆ. ಒಂದು, ಪ್ರಮಾಣಪತ್ರ ಇದ್ದರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಯಾರೋ ಹೇಳಿದ್ದರು. ಇನ್ನೊಂದು, ಮಧ್ಯಾಹ್ನ ಒಬ್ಬಳೇ ಕೂಡುವುದು ತಪ್ಪುತ್ತದೆ ಎಂಬ ಆಸೆ. ‘ನನಗಲ್ಲ, ನಿನಗೆ’ ಎಂದು ದಿನಾ ಚಪ್ಪಾಳೆ ತಟ್ಟಿ ಹೇಳುತ್ತಿದ್ದೆವು. ಒಳಗೆ ಮಾತ್ರ ‘ನನಗೆ’ ಎಂಬುದೇ ಇತ್ತು.

ಎರಡನೆಯ ಕಾರಣ ಬೇಗ ಈಡೇರಿತು. ನಮ್ಮ ಗುಂಪಿನಲ್ಲಿ ಒಬ್ಬ ಗೆಳತಿ ಸಿಕ್ಕಳು. ಅವಳೂ ಹಳ್ಳಿಯವಳು, ಅವಳಿಗೂ ಇಂಗ್ಲಿಷಿನ ಭಯ. ಅವಳ ಡಬ್ಬಿಯಲ್ಲಿ ಶೇಂಗಾ ಚಟ್ನಿ ಯಾವಾಗಲೂ ಇರುತ್ತಿತ್ತು. ನನ್ನ ಜೋಳದ ರೊಟ್ಟಿ, ಅವಳ ಚಟ್ನಿ. ಆರು ತಿಂಗಳು ಹಾಗೇ ನಡೆಯಿತು.

ಸೇವೆಯ ಗಂಟೆಗಳನ್ನು ಬರೆದಿಡಲು ನಮಗೆ ಒಂದು ಡೈರಿ ಕೊಟ್ಟಿದ್ದರು. ಶನಿವಾರ ಎರಡು ಗಂಟೆ ಗಟಾರ ಬಳಿದರೆ ಮೂರು ಎಂದು ಬರೆಯುತ್ತಿದ್ದೆ. ಎಲ್ಲರೂ ಬರೆಯುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇದೇ ಮಠದ ದಾಸೋಹದಲ್ಲಿ ಸೋಮವಾರ ಬಡಿಸುವ ಪಾಳಿಯೂ ನನಗಿತ್ತು. ಹಿಡಿಹುಗ್ಗಿ ಎಂದರೆ ಹುಗ್ಗಿ, ಸಾರು ಎಂದರೆ ಸಾರು. ಬಡಿಸುವಾಗ ಏನೋ ಒಂದು ಹಿತ ಆಗುತ್ತಿತ್ತು. ಉಣ್ಣುವವರು ಕೆಳಗೆ ಕುಳಿತಿರುತ್ತಾರೆ, ನಾನು ನಿಂತಿರುತ್ತೇನೆ. ಅವರು ತಟ್ಟೆ ನೋಡುತ್ತಾರೆ, ನಾನು ಅವರ ತಲೆ ನೋಡುತ್ತೇನೆ. ಇದೇ ದಾಸೋಹ, ಇದೇ ಸಂತೋಷ ಎಂದು ತಿಳಿದಿದ್ದೆ.

ಫೆಬ್ರವರಿಯಲ್ಲಿ ವಿಶೇಷ ಶಿಬಿರ ಬಂತು. ಊರಿನ ಹೆಸರು ಬೇಡ. ಐವತ್ತು ಮಂದಿ ವಿದ್ಯಾರ್ಥಿಗಳು, ಸರಕಾರಿ ಶಾಲೆಯಲ್ಲಿ ವಸತಿ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಸಮೀಕ್ಷೆ, ಸಂಜೆ ಕಾರ್ಯಕ್ರಮ. ಊರಿನಲ್ಲಿ ಓದು ಬರಹ ಬಾರದ ಹೆಣ್ಣುಮಕ್ಕಳು ಎಷ್ಟು ಎಂದು ಬರೆದುಕೊಂಡು, ಸಂಜೆ ಅವರಿಗೆ ಅಕ್ಷರ ಕಲಿಸುವ ತರಗತಿ ನಡೆಸುವುದು ನನ್ನ ಪಾಲಿಗೆ ಬಂತು. ಎರಡನೆಯ ದಿನ ಮಧ್ಯಾಹ್ನ ಹಳ್ಳದ ಆಚೆ ಇರುವ ಕೇರಿಗೆ ಹೋದೆ. ಅದು ದಲಿತರ ಕೇರಿ.

ಮೊದಲನೆಯ ಮನೆಯಲ್ಲಿ ಐವತ್ತು ದಾಟಿದ ಒಬ್ಬ ತಾಯಿ ಇದ್ದರು. ಅವರನ್ನು ನಾನು ಈಗ ದೊಡ್ಡವ್ವ ಎಂದು ಕರೆಯುತ್ತೇನೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ನನ್ನನ್ನು ನೋಡಿದ ಕೂಡಲೇ ಕಟ್ಟೆಯ ಮೇಲೆ ಕಂಬಳಿ ಹಾಸಿದರು.

“ಬಾ ಯವ್ವಾ, ಬಿಸಲಾಗ ಬಂದಿ. ಒಂದೀಟ ಕುಂದರು. ಹುಡುಗನ್ನ ಹಾಲಿಗೆ ಕಳಿಸೇನಿ, ಚಾ ಕುಡದ ಬರಕೊಂತಿ.”

ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡಿ ಹೇಳಿದ್ದರೆ ಇಂದು ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಬಾಯಿಂದ ತಾನಾಗಿ ಬಂತು: “ನಾ ಚಾ ಕುಡಿಯೂದಿಲ್ಲರಿ.”

“ಹಂಗೇನು?” ಎಂದರು. ಹೆಸರು ಬರೆಸಿದರು. ಸಂಜೆ ತರಗತಿಗೆ ಬರುತ್ತೇನೆ ಎಂದರು. ಆ ಕೇರಿಯಲ್ಲಿ ಒಟ್ಟು ಹನ್ನೊಂದು ಹೆಸರು ಸಿಕ್ಕವು. ಖುಷಿಯಿಂದ ಹಳ್ಳ ದಾಟಿ ಊರೊಳಗೆ ಬಂದೆ. ಅಲ್ಲಿ ಒಂದು ದೊಡ್ಡ ಮನೆ. ನಮ್ಮವರದೇ. ಬಾಗಿಲಿಗೆ ವಿಭೂತಿಯ ಪಟ್ಟಿ, ಒಳಗೆ ಬಸವಣ್ಣನವರ ಫೋಟೊ. ಆ ಮನೆಯ ಅಕ್ಕ ಚಹಾ ತಂದು ಕೊಟ್ಟರು. ಕಟ್ಟೆಯ ಮೇಲೆ ಕುಳಿತು ಕುಡಿದೆ. ಅಷ್ಟರಲ್ಲಿ ಆ ಮನೆಯ ಹಿತ್ತಲ ಕಡೆಯಿಂದ ಒಬ್ಬ ಹುಡುಗ ಸಣ್ಣ ತಂಬಿಗೆ ಹಿಡಿದುಕೊಂಡು ಬಂದ. ದೊಡ್ಡವ್ವನ ಮೊಮ್ಮಗ. ಅವನನ್ನು ಹಾಲಿಗೆ ಕಳಿಸಿದ್ದು ಅದೇ ಮನೆಗೆ. ಅವನು ನನ್ನ ಮುಖ ನೋಡಿದ, ಕೈಯಲ್ಲಿದ್ದ ಕಪ್ಪು-ಬಸಿ ನೋಡಿದ, ಏನೂ ಅನ್ನದೆ ಹೋದ.

ಒಂದೇ ಎಮ್ಮೆಯ ಹಾಲು. ಆ ಮನೆಯ ಒಲೆಯ ಮೇಲೆ ಕಾದರೆ ನನಗೆ ನಡೆಯುತ್ತದೆ, ಈ ಮನೆಯ ಒಲೆಯ ಮೇಲೆ ಕಾದರೆ ನಡೆಯುವುದಿಲ್ಲ.

ಆ ಸಂಜೆ ತರಗತಿಗೆ ಊರೊಳಗಿನ ನಾಲ್ಕು ಜನ ಬಂದರು. ಕೇರಿಯ ಹನ್ನೊಂದು ಮಂದಿಯಲ್ಲಿ ಒಬ್ಬರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ನೀರಿನ ಟಾಕಿಯ ಹತ್ತಿರ ದೊಡ್ಡವ್ವನ ಸೊಸೆ ಸಿಕ್ಕರು. “ಯಾಕ್ರಿ, ಯಾರೂ ಬರಲಿಲ್ಲಲ್ಲ?” ಎಂದು ಕೇಳಿದೆ. ಅವರು ಕೊಡ ತುಂಬುವತನಕ ಸುಮ್ಮನಿದ್ದು, ಆಮೇಲೆ ಹೇಳಿದರು:

“ನಮ್ಮ ಕೈಯಾಗಿನ ಚಾ ಒಲ್ಲೆ ಅಂದಾರು ನಮ್ಮ ಕೈ ಹಿಡದ ಅಕ್ಷರ ಹೆಂಗ ತಿದ್ದಸ್ತಾರ ಅಂತ ನಮ್ಮತ್ತಿ ಕೇಳಾಕತ್ಯಾಳ್ರಿ.”

ಶರಣ ಬಂಧುಗಳೇ, ಹೈಸ್ಕೂಲಿನಲ್ಲಿದ್ದಾಗ ತಾಲೂಕು ಮಟ್ಟದ ವಚನ ಕಂಠಪಾಠ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗ ಪೆದ್ದಿ, ಸಮಗಾರ ಹರಳಯ್ಯ, ಎಲ್ಲರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಬಸವಣ್ಣನವರು ಸಂಬೋಳಿ ನಾಗಿದೇವನ ಮನೆಗೆ ಹೋಗಿ ಪ್ರಸಾದ ಸ್ವೀಕರಿಸಿದ ಕಥೆಯನ್ನು ಬಸವ ಜಯಂತಿಯ ದಿನ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ಕಥೆಯಲ್ಲಿ ಬಸವಣ್ಣನವರು ಏನು ಮಾಡಿದರು ಎಂಬುದನ್ನು ಆ ರಾತ್ರಿ ಶಾಲೆಯ ಕೋಣೆಯಲ್ಲಿ ಮಲಗಿ ಮೊದಲ ಸಲ ಯೋಚಿಸಿದೆ. ಅವರು ಬಿಜ್ಜಳನ ಭಂಡಾರಿ. ನಾಗಿದೇವನಿಗೆ ಏನಾದರೂ ಕೊಟ್ಟು ಕಳಿಸಬಹುದಿತ್ತು. ದವಸ, ಬಟ್ಟೆ, ಹೊನ್ನು, ಏನು ಕೊಟ್ಟಿದ್ದರೂ ಯಾರೂ ದೂರು ಹೇಳುತ್ತಿರಲಿಲ್ಲ. ಕೊಟ್ಟರೆ ಊರು ಹೊಗಳುತ್ತದೆ. ಅವನ ಮನೆಗೆ ಹೋಗಿ, ಅವನು ನೀಡಿದ್ದನ್ನು ತೆಗೆದುಕೊಂಡರು. ದೂರು ಅರಮನೆಗೆ ಹೋದದ್ದು ಅದಕ್ಕೆ.

ನನ್ನ ಎದೆಯ ಮೇಲೆ ಲಿಂಗವಿದೆ. ದಿನಾ ಪೂಜೆ ಮಾಡುತ್ತೇನೆ. ಲಿಂಗ ಕಟ್ಟಿದ ಮೇಲೆ ಕುಲವಿಲ್ಲ ಎಂದು ಬಾಯಿಪಾಠ ಬಂದಿದೆ. ಆದರೆ ಲಿಂಗ ಎದೆಯ ಮೇಲಿತ್ತು, ಜಾತಿ ನಾಲಗೆಯ ಮೇಲಿತ್ತು. ನಾಲಗೆಯೇ ಮೊದಲು ಮಾತಾಡಿತು.

ಅಷ್ಟು ಹೊತ್ತಿಗೆ ತರಗತಿಯಲ್ಲಿ ನಕ್ಕ ಹುಡುಗಿ ನೆನಪಾದಳು. ಅವಳು ನನಗೆ ಬೈದಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಅಷ್ಟೇ. ನಾನೂ ದೊಡ್ಡವ್ವನಿಗೆ ಬೈದಿರಲಿಲ್ಲ. ಚಹಾ ಕುಡಿಯುವುದಿಲ್ಲ ಎಂದಿದ್ದೆ, ಅಷ್ಟೇ.

ಪಕ್ಕದಲ್ಲಿ ಮಲಗಿದ್ದ ಆ ಗೆಳತಿಗೆ ಎಲ್ಲ ಹೇಳಿದೆ. ನಾಳೆ ಹೋಗಿ ಕ್ಷಮೆ ಕೇಳುತ್ತೇನೆ ಎಂದೆ. ಅವಳು ಕತ್ತಲಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ನಾನೂ ಅಂಥಾ ಕೇರಿಯಾಕೀನ. ಆರು ತಿಂಗಳಾತು ನನ್ನ ಡಬ್ಬಿಯೊಳಗಿನ ಚಟ್ನಿ ತಿನ್ನಾಕತ್ತಿ. ನಿನಗೇನರ ಆತೇನು?”

ನನಗೇನೂ ಆಗಿರಲಿಲ್ಲ. ಚಟ್ನಿ ರುಚಿಯಾಗಿತ್ತು. ಲಿಂಗಯ್ಯನೂ ತಕರಾರು ಮಾಡಿರಲಿಲ್ಲ.

ಅವಳೇ ಮುಂದುವರಿಸಿ ಹೇಳಿದಳು: “ಕ್ಷಮಾ ಕೇಳಬ್ಯಾಡ. ಕ್ಷಮಾ ಕೇಳಿದ್ರ ಅವರು ನಿನ್ನ ಸಮಾಧಾನ ಮಾಡಬೇಕಾಗತದ. ಹೋಗಿ ಚಾ ಕೇಳು.” ಈ ಮಾತನ್ನು ಅವಳ ಒಪ್ಪಿಗೆ ಪಡೆದೇ ಇಲ್ಲಿ ಹೇಳಿದ್ದೇನೆ.

ಮರುದಿನ ಶ್ರಮದಾನಕ್ಕೆ ಮೊದಲೇ ಹಳ್ಳ ದಾಟಿ ಹೋದೆ. ದೊಡ್ಡವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. “ದೊಡ್ಡವ್ವಾ, ಚಾ ಕೊಡ್ರಿ” ಎಂದೆ. ಅವರು ತಲೆಯೆತ್ತಿ ನೋಡಿ, “ಇವತ್ತ ಹಾಲಿಲ್ಲ ಯವ್ವಾ” ಎಂದು ಮತ್ತೆ ಮೊರ ಹಿಡಿದರು. ಹಾಲು ನಿಜವಾಗಿ ಇರಲಿಲ್ಲವೋ, ಕೊಡುವ ಮನಸ್ಸಿರಲಿಲ್ಲವೋ, ಇವತ್ತಿಗೂ ಕೇಳಿಲ್ಲ. ಸ್ವಲ್ಪ ಹೊತ್ತು ನಿಂತು ಹಿಂದಿರುಗಿದೆ.

ಹಳ್ಳ ದಾಟುವಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ದೂರ ನಾನಾಗಿ ಬಂದು ಕೇಳಿದರೂ ಕೊಡಲಿಲ್ಲವಲ್ಲ ಎಂದು. ಶಾಲೆಯ ಗೇಟಿಗೆ ಬರುವಷ್ಟರಲ್ಲಿ ಆ ಸಿಟ್ಟಿನ ಮೂಲ ಗೊತ್ತಾಯಿತು. ನಾನು ಚಹಾ ಕೇಳಿದ್ದೂ ಒಂದು ಉಪಕಾರ ಎಂದು ತಿಳಿದಿದ್ದೆ. ಕೇಳಲು ಹೋದಾಗಲೂ ಕೊಡುವವಳ ಠೀವಿಯಲ್ಲೇ ಹೋಗಿದ್ದೆ. ಬೇಡುವವರಿಗೆ ‘ಇಲ್ಲ’ ಎನ್ನುವ ಹಕ್ಕು ಕೊಡುವವರಿಗೆ ಇರುತ್ತದೆ. ಆ ಹಕ್ಕನ್ನು ಅವರು ಬಳಸಿದ್ದರು.

ಆರನೆಯ ದಿನ ಮತ್ತೆ ಹೋದೆ. ಈ ಸಲ ಏನೂ ಕೇಳದೆ ಕಟ್ಟೆಯ ಕೆಳಗೆ ಕುಳಿತೆ. ಮೊರ ಪಕ್ಕಕ್ಕಿಟ್ಟು ದೊಡ್ಡವ್ವ ಕೇಳಿದರು: “ಹಾಲಿಲ್ಲದ ಚಾ ಕುಡೀತಿಯೇನು?”

“ಕುಡೀತೀನಿ.”

ಬೆಲ್ಲ ಹಾಕಿದ ಕರೀ ಚಹಾ. ಲೋಟ ಬರಿದಾಗುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಕುಡಿದಾದ ಮೇಲೆ ಲೋಟ ತೊಳೆಯಲು ಬಚ್ಚಲ ಕಡೆ ಹೊರಟೆ. ಅವರು ಕೈಯಿಂದ ಕಸಿದುಕೊಂಡರು: “ನಮ್ಮ ಮನೀಗ ಬಂದವರ ಕಡೆ ನಾವು ಲೋಟ ತೊಳಸೂದಿಲ್ಲ.”

ಆ ಮಾತು ಹಿರಿಯರಿಗೆ ತಿಳಿದಿರುತ್ತದೆ. ಹಳ್ಳಿಯ ಹೋಟೆಲುಗಳಲ್ಲಿ ಬೇರೆ ಇಟ್ಟ ಲೋಟದಲ್ಲಿ ಕುಡಿದು, ತಾವೇ ತೊಳೆದಿಟ್ಟು ಬಂದವರ ಮನೆ ಅದು. ಅವರು ನನಗೆ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಬಂದವರನ್ನು ಹೇಗೆ ನೋಡಬೇಕು ಎಂಬುದನ್ನು ತೋರಿಸಿದರು. ಅತಿಥಿಯನ್ನು ಜಂಗಮ ಎಂದು ತಿಳಿಯಬೇಕೆಂದು ನಾನು ಎಷ್ಟೋ ಸಲ ಕೇಳಿದ್ದೆ, ನಾನೇ ಆ ಅತಿಥಿಯಾಗಿ ಕುಳಿತದ್ದು ಅವತ್ತು.

ಆ ಸಂಜೆ ದೊಡ್ಡವ್ವ ಇನ್ನೂ ಆರು ಜನರನ್ನು ಕರೆದುಕೊಂಡು ತರಗತಿಗೆ ಬಂದರು. ಒಂದು ಸಂಜೆಯಲ್ಲಿ ಯಾರೂ ಓದಲು ಕಲಿಯುವುದಿಲ್ಲ. ತಮ್ಮ ಹೆಸರಿನ ಮೊದಲ ಅಕ್ಷರ ತಿದ್ದಿದರು, ಅಷ್ಟೇ. ಮರುದಿನ ಸಮಾರೋಪ, ಬಸ್ಸು ಹತ್ತಿದೆವು. ಆದರೆ ಆಮೇಲೆ ನಾನು ಮತ್ತು ನನ್ನ ಗೆಳತಿ ತಿಂಗಳಿಗೆ ಎರಡು ಭಾನುವಾರ ಆ ಊರಿಗೆ ಹೋಗುತ್ತಿದ್ದೇವೆ. ಈಗ ದೊಡ್ಡವ್ವ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಾರೆ. ಬಸ್ಸು ಬಿಟ್ಟು ಹೋದ ಮೇಲೆ ಓದಿ ಮುಗಿಯುತ್ತದೆ ಎಂದು ತಾವೇ ನಗುತ್ತಾರೆ. ಆ ಭಾನುವಾರಗಳ ಲೆಕ್ಕವನ್ನು ನಾನು ಡೈರಿಯಲ್ಲಿ ಬರೆದಿಲ್ಲ.

ಡೈರಿಯ ಮಾತು ಬಂತು, ಅದನ್ನೂ ಮುಗಿಸುತ್ತೇನೆ. ಆಯ್ದಕ್ಕಿ ಲಕ್ಕಮ್ಮನವರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಕದ್ದು ತಂದದ್ದಲ್ಲ, ನೆಲದಲ್ಲಿ ಚೆಲ್ಲಿದ್ದನ್ನೇ ಆಯ್ದದ್ದು. ಆದರೂ ಬೇಡವೆಂದರು. ಶಿಬಿರದಿಂದ ಬಂದ ಮೇಲೆ ನನ್ನ ಡೈರಿ ತೆಗೆದು ಹೆಚ್ಚಿಗೆ ಬರೆದ ಗಂಟೆ ಎಣಿಸಿದೆ. ಹದಿನೇಳು ಗಂಟೆ ಆಯಿತು. ಎನ್ನೆಸ್ಸೆಸ್ ಅಧಿಕಾರಿಗಳಾದ ನಮ್ಮ ಗುರುಗಳ ಮುಂದೆ ಇಟ್ಟು, ಕೆಂಪು ಮಸಿಯಲ್ಲಿ ಹೊಡೆದು ಹಾಕಿದೆ. ಪ್ರಮಾಣಪತ್ರಕ್ಕೆ ಕಡಿಮೆ ಬಿದ್ದ ಗಂಟೆಗಳನ್ನು ಬೇಸಿಗೆಯಲ್ಲಿ ಕಾಲೇಜಿನ ಗ್ರಂಥಾಲಯದ ಪುಸ್ತಕಗಳ ಧೂಳು ಹೊಡೆದು ತುಂಬಿಸಿದೆ. ಕೊಡದ ಸೇವೆಯನ್ನು ಕೊಟ್ಟೆ ಎಂದು ಬರೆದುಕೊಳ್ಳುವುದು ಆಯದೆ ಇದ್ದ ಅಕ್ಕಿಯನ್ನು ಮನೆಗೆ ಹೊತ್ತಂತೆ.

ಇಷ್ಟಾದ ಮೇಲೆ ಸೋಮವಾರದ ಪಾಳಿಯಲ್ಲಿ ಸಾರಿನ ಬಕೀಟು ಹಿಡಿದು ನಿಂತಾಗ ಮೊದಲಿನ ಹಿತ ಇರಲಿಲ್ಲ. ಬೇರೊಂದು ವಿಚಾರ ಬಂತು. ಈ ಅನ್ನ ಎಲ್ಲಿಂದ ಬಂತು? ನಮ್ಮ ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದ ನಿಲಯ ತೆರೆದರು. ಅಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಊರೂರು ತಿರುಗಿ ಭಕ್ತರ ಮುಂದೆ ಜೋಳಿಗೆ ಒಡ್ಡಿ, ಎಲ್ಲ ಜಾತಿ ಮತಗಳ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ನಮ್ಮ ಹಳ್ಳಿಯ ಶಾಲೆಯಲ್ಲೂ ಮೌನ ಆಚರಿಸಿದ್ದು ನನಗೆ ನೆನಪಿದೆ. ನಮ್ಮ ಮಠಗಳ ದಾಸೋಹದ ಇತಿಹಾಸ ನೋಡಿದರೆ, ಬಡಿಸುವ ಸೌಟಿಗಿಂತ ಮೊದಲು ಒಡ್ಡಿದ ಜೋಳಿಗೆ ಕಾಣುತ್ತದೆ. ಯಾರ ಮನೆಯ ಹಿಟ್ಟು, ಯಾರ ಹೊಲದ ಜೋಳ ಎಂದು ಕೇಳದೆ ಒಡ್ಡಿದ ಜೋಳಿಗೆ. ದಾಸೋಹ ಎಂಬ ಮಾತಿನಲ್ಲೇ ‘ನಾನು ದಾಸ’ ಎಂಬ ಅರ್ಥವಿದೆ ಎಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದಾರೆ. ದಾಸನಾದವನು ಕೊಡುವ ಮೊದಲು ಕೈ ಒಡ್ಡಲು ಕಲಿತಿರಬೇಕು. ನಾನು ಬರಿಯ ಕೊಡುವುದನ್ನು ಕಲಿತಿದ್ದೆ. ಯಾರ ಕೈಯಿಂದ ತೆಗೆದುಕೊಳ್ಳಲು ನನ್ನ ಮನಸ್ಸು ಹಿಂಜರಿಯುತ್ತದೋ ಅವರಿಗೆ ನಾನು ಕೊಡುವುದು ದಾಸೋಹವಾಗುವುದಿಲ್ಲ. ಅದು ಮೇಲೆ ನಿಂತು ಸುರಿಯುವುದಾಗುತ್ತದೆ.

‘ಸುರಿಯುವುದು’ ಎಂಬ ಮಾತು ಸುಮ್ಮನೆ ಬರಲಿಲ್ಲ. ಅದನ್ನು ಹೇಳಿದರೆ ನನ್ನ ಮಾತು ಮುಗಿಯಿತು.

ಬಸವ ಜಯಂತಿಗೆ ಊರಿಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ದನದ ಕೊಟ್ಟಿಗೆಯ ಗೋಡೆಗೆ ಒಂದು ಗೂಡು ಇದೆ. ಅದರಲ್ಲಿ ಹಿಡಿಕೆ ಮುರಿದ ಒಂದು ಕಪ್ಪು ಇರುತ್ತದೆ. ಹೊಲದ ಕೆಲಸಕ್ಕೆ ಬರುವ ಕೇರಿಯ ಹೆಣ್ಣುಮಗಳೊಬ್ಬಳಿಗೆ ಅದರಲ್ಲಿ ಚಹಾ. ಕುಡಿದು, ತೊಳೆದು, ಅವಳೇ ಮತ್ತೆ ಗೂಡಿನಲ್ಲಿ ಇಡುತ್ತಾಳೆ. ನಾನು ಹುಟ್ಟಿದಾಗಿನಿಂದ ಆ ಕಪ್ಪು ಅಲ್ಲಿದೆ. ದಿನಾ ನೋಡಿದ್ದೇನೆ. ಒಂದು ದಿನವೂ ಕಂಡಿರಲಿಲ್ಲ. ದೊಡ್ಡವ್ವನ ಮನೆಯಲ್ಲಿ ನನ್ನ ನಾಲಗೆ ತಾನಾಗಿ ಮಾತಾಡಿತು ಎಂದೆನಲ್ಲ, ಅದಕ್ಕೆ ಪಾಠ ಹೇಳಿದ್ದು ಆ ಗೂಡು.

ಅಂದು ಬೆಳಿಗ್ಗೆ ಆ ಕಪ್ಪನ್ನು ತಂದು ಅಡುಗೆಮನೆಯಲ್ಲಿ ಎಲ್ಲ ಕಪ್ಪುಗಳ ಜೊತೆ ಇಟ್ಟೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದಳು. “ಅದನ್ಯಾಕ ಒಳಗ ತಂದಿ? ಮೊದಲ ಹೊರಗ ಇಡು” ಎಂದಳು. ನಾನು ವಾದ ಮಾಡಬಹುದಿತ್ತು. ಹೆಸರುಗಳೆಲ್ಲ ಬಾಯಿಗೆ ಬರುತ್ತವಲ್ಲ. ಆದರೆ ವಾದ ಮಾಡಿ ಗೆದ್ದರೆ ಮತ್ತೊಂದು ಬಹುಮಾನ ಬರುತ್ತಿತ್ತು, ಅಷ್ಟೇ. “ಹಂಗಾದ್ರ ಇದರಾಗ ನನಗ ಚಾ ಕೊಡು ಆಯಿ” ಎಂದೆ. ಆಯಿ ಕೊಡಲಿಲ್ಲ. ನಾನೇ ಹಾಕಿಕೊಂಡು ಕುಡಿದೆ. ಆಯಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವ್ವ ನಡುವೆ ನಿಂತು ಕಣ್ಣೀರು ಹಾಕಿದಳು. ಹಬ್ಬದ ದಿನ ಮನೆಯಲ್ಲಿ ಹೋಳಿಗೆ ಇತ್ತು, ಮಾತು ಇರಲಿಲ್ಲ.

ಆಯಿಯನ್ನು ಕೆಟ್ಟವಳೆಂದು ತಿಳಿಯಬೇಡಿ. ಬರಗಾಲದಲ್ಲಿ ತನ್ನ ಪಾಲಿನ ರೊಟ್ಟಿಯನ್ನು ಅದೇ ಹೆಣ್ಣುಮಗಳ ಮಕ್ಕಳಿಗೆ ಕೊಟ್ಟವಳು ಅವಳು. ಕೊಡುವುದರಲ್ಲಿ ಅವಳ ಕೈ ಎಂದೂ ಹಿಂದೆ ಬಿದ್ದಿಲ್ಲ. ಅದಕ್ಕೇ ಈ ವಿಷಯ ಕಷ್ಟದ್ದು. ಕೊಡದವರಿಗೆ ಕೊಡಿ ಎಂದು ಹೇಳುವುದು ಸುಲಭ. ಕೈತುಂಬ ಕೊಡುವವರಿಗೆ, ಇಷ್ಟು ಸಾಲದು ಎಂದು ಹೇಗೆ ಹೇಳುವುದು?

ಕಳೆದ ತಿಂಗಳು ಮತ್ತೆ ಊರಿಗೆ ಹೋಗಿದ್ದೆ. ಗೂಡು ಬರಿದಾಗಿತ್ತು. ಕಪ್ಪು ಎಲ್ಲಿ ಎಂದು ನಾನು ಕೇಳಲಿಲ್ಲ, ಆಯಿ ಹೇಳಲಿಲ್ಲ. ಹೊಲಕ್ಕೆ ಬಂದವರಿಗೆಲ್ಲ ಒಂದೇ ಥರದ ಸ್ಟೀಲ್ ಲೋಟ. ಆದರೆ ಆ ಹೆಣ್ಣುಮಗಳ ಲೋಟಕ್ಕೆ ಚಹಾ ಹಾಕುವಾಗ ಆಯಿಯ ಕೈ ಇನ್ನೂ ಒಂದು ಗೇಣು ಮೇಲೆಯೇ ಇರುತ್ತದೆ. ಲೋಟಕ್ಕೆ ಕಿಟಲಿ ತಾಗದ ಹಾಗೆ ಮೇಲಿಂದ ಸುರಿಯುತ್ತಾಳೆ. ಎಪ್ಪತ್ತು ವರ್ಷದ ಕೈ ಅದು. ಗೂಡಿನಿಂದ ಲೋಟದವರೆಗೆ ಬಂದಿದೆ. ಉಳಿದ ಒಂದು ಗೇಣನ್ನು ನಾನು ಕಾಯುತ್ತೇನೆ. ಇಲ್ಲಿ ಈ ಮಾತು ಹೇಳಲೇ ಎಂದು ಆಯಿಯನ್ನು ಕೇಳಿದ್ದೆ. “ಹೇಳು. ಆದ್ರ ನಿಮ್ಮ ಮನ್ಯಾಗೂ ಗೂಡು ಅದಾವೇನು ನೋಡ್ರಿ ಅಂತ ಅವರಿಗೂ ಕೇಳು” ಎಂದಳು. ಆದ್ದರಿಂದ ಕೇಳುತ್ತಿದ್ದೇನೆ.

ಹಿರಿಯರಲ್ಲಿ ಮೂರು ವಿನಂತಿ. ಮೊದಲನೆಯದು ನನ್ನಂಥ ವಿದ್ಯಾರ್ಥಿಗಳಿಗೆ. ಕಾಲೇಜಿಗೆ ಕಾಲಿಟ್ಟ ವರ್ಷವೇ ಸೇವೆಗೆ ಹೆಸರು ಕೊಡಿ. ಪ್ರಮಾಣಪತ್ರದ ಆಸೆಗೆ ಸೇರಿದರೂ ಪರವಾಗಿಲ್ಲ, ನಾನೂ ಹಾಗೆಯೇ ಸೇರಿದವಳು. ಆದರೆ ಹೋದ ಮನೆಯಲ್ಲಿ ಏನು ಕೊಟ್ಟರೂ ತೆಗೆದುಕೊಳ್ಳಿ. ನೀರು ಕೊಟ್ಟರೆ ನೀರು, ರೊಟ್ಟಿ ಕೊಟ್ಟರೆ ರೊಟ್ಟಿ. ನೀವು ಕೊಡುವುದು ಆಮೇಲೆ. ಎರಡನೆಯದು ತಂದೆ ತಾಯಂದಿರಿಗೆ. ಇವತ್ತು ಮನೆಗೆ ಹೋದ ಮೇಲೆ ಕೊಟ್ಟಿಗೆ, ಹಿತ್ತಲು, ಅಡುಗೆಮನೆಯ ಮೂಲೆ ಒಮ್ಮೆ ನೋಡಿ. ಪಟ್ಟಣದ ಮನೆಗಳಲ್ಲಿ ಗೂಡು ಇರುವುದಿಲ್ಲ, ಕೆಲಸದವಳ ಲೋಟ ಕಿಟಕಿಯ ಮೇಲಿರುತ್ತದೆ. ನಿಮ್ಮ ಮಕ್ಕಳು ಅದನ್ನು ದಿನಾ ನೋಡುತ್ತಿದ್ದಾರೆ. ವಚನ ಕಂಠಪಾಠಕ್ಕಿಂತ ಬೇಗ ಅದು ಬಾಯಿಪಾಠ ಆಗುತ್ತದೆ. ಮೂರನೆಯದು ಮಠದ ಸೇವಾಸಮಿತಿಯ ಹಿರಿಯರಿಗೆ. ನಮ್ಮ ದಾಸೋಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಅದು ನಮ್ಮ ಹೆಮ್ಮೆ. ಬಡಿಸುವವರ ಪಟ್ಟಿಯನ್ನೂ ಒಮ್ಮೆ ನೋಡಿ. ಸೌಟು ಹಿಡಿಯುವ ಕೈಗಳೂ ಎಲ್ಲ ಕೇರಿಗಳಿಂದ ಬರಲಿ, ನಾವು ಕುಳಿತು ಅವರ ಕೈಯಿಂದ ಉಣ್ಣೋಣ. ದೊಡ್ಡವ್ವನನ್ನು ನಾನು ಬರುವ ಶ್ರಾವಣದ ದಾಸೋಹಕ್ಕೆ ಕರೆದಿದ್ದೇನೆ. “ಉಣ್ಣಾಕ ಆದ್ರ ಬರೂದಿಲ್ಲ, ನೀಡಾಕ ಆದ್ರ ಬರತೀನಿ” ಎಂದಿದ್ದಾರೆ. ಪೂಜ್ಯರು ಅಪ್ಪಣೆ ಕೊಟ್ಟರೆ ಹೋಗಿ ಹೇಳಿ ಬರುತ್ತೇನೆ.

ಮೊದಲ ವರ್ಷದಲ್ಲಿ ನಾನು ಬೆಳೆದೆನೇ ಎಂದು ಕೇಳಿದರೆ, ಇಂಗ್ಲಿಷಿನಲ್ಲಿ ಈಗಲೂ ತಡವರಿಸುತ್ತೇನೆ. ಆದರೆ ಯಾರಾದರೂ “ಒಂದೀಟ ಚಾ ಕುಡೀತಿಯೇನು?” ಎಂದರೆ ನನ್ನ ನಾಲಗೆ ಈಗ ಮೊದಲು ಕೈಯನ್ನು ಕೇಳುತ್ತದೆ. ಕೈ ಮುಂದೆ ಹೋಗುತ್ತದೆ.